ಕುಲುಮೆಯ ವಂಶಾವಳಿ

ಅರಸುಮನೆತನಗಳ ವಂಶಾವಳಿಯು ಶಿಲೆಯಲ್ಲಿಯೂ ತಾಮ್ರಪಟದಲ್ಲಿಯೂ ಸುರಕ್ಷಿತವಾಗಿರುವುದು. ಆದರೆ ನೇಗಿಲಿಗೆ ಕುಳವನ್ನು ಬಡಿದುಕೊಟ್ಟು, ಕೆಂಪಗೆ ಕಾದ ಕಬ್ಬಿಣದ ಪಟ್ಟಿಯನ್ನು ಬಂಡಿಯ ಗಾಲಿಗೆ ತೊಡಿಸಿ, ಒಡನೆಯೇ ನೀರೆರೆದು ಬಿಗಿಗೊಳಿಸಿ, ಸುಗ್ಗಿಯ ಕಣದಲ್ಲಿ ದೊರೆತ ಆಯದ ಧಾನ್ಯದಿಂದಲೇ ಸಂಸಾರವನ್ನು ಸಾಗಿಸಿದ ಕಮ್ಮಾರನ ಪೂರ್ವಿಕರನ್ನು ನಾವು ಎಲ್ಲಿ ಅರಸಬೇಕು?

ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1898ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದರು. ಇಂತಹ ಶಾಸನಗಳಲ್ಲಿ ದಾನವಿತ್ತವನ ಹೆಸರು ಮೊದಲು. ಅಕ್ಷರ ಕೆತ್ತಿದ ಓಜನ ಹೆಸರು, ಭಾಗ್ಯವಿದ್ದರೆ, ಕಡೆಯ ಪಂಕ್ತಿಯಲ್ಲಿ. ಆ ಓಜನ ಉಳಿಯನ್ನು ಹದಗೊಳಿಸಿದವನಾದರೋ ಅಜ್ಞಾತನಾಗಿಯೇ ಉಳಿದನು.

ಶಿಲೆಯು ಮರೆತವನನ್ನು ಜನಪದದ ಕಂಠವು ಮರೆಯಲಿಲ್ಲ. ನೀಲಗಾರರು ತಂಬೂರಿ ಮೀಟುತ್ತ ಹಾಡುವ ಮಂಟೇಸ್ವಾಮಿ ಮಹಾಕಾವ್ಯದಲ್ಲಿ ಕಮ್ಮಾರರಾದ ಪಾಂಚಾಳರ ಮನೆಯ ಕೆಂಪಾಚಾರಿಯು ಗುರುವಾದ ಮಂಟೇಸ್ವಾಮಿಯ ಶಿಶುಮಗನಾಗಿ, ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆಯನ್ನು ಬೇಡಿ, ಅವರೊಡ್ಡಿದ ಕಠೋರ ಪರೀಕ್ಷೆಗಳನ್ನು ಗೆದ್ದು ಸಿದ್ಧಪ್ಪಾಜಿಯೆನಿಸುವನು. ಪುಷ್ಯಮಾಸದ ಹುಣ್ಣಿಮೆಯಂದು ಚಿಕ್ಕಲ್ಲೂರಿನಲ್ಲಿ ಜಾತ್ರೆಯು ಆರಂಭವಾಗುವುದು ಅವನ ಹೆಸರಿನಲ್ಲಿಯೇ.

ಆದುದರಿಂದ ಕುಲುಮೆಯ ಮನೆಯವರು ತಮ್ಮ ಮೂಲವನ್ನರಸುವಾಗ ಕಂದಾಯದ ದಾಖಲೆಗಳೊಡನೆ ಮದುವೆಯ ಸಂಕಲ್ಪದಲ್ಲಿ ಉಚ್ಚರಿಸುವ ಸಾನಗ ಗೋತ್ರವನ್ನೂ, ಒಕ್ಕಲಿನ ದೇವರನ್ನೂ, ಅಜ್ಜಿಯ ಬಾಯಲ್ಲಿರುವ ತವರೂರುಗಳ ಹೆಸರನ್ನೂ ಪ್ರಮಾಣವಾಗಿ ಪರಿಗಣಿಸಲಿ. ಹಿರಿಯರಿರುವಾಗಲೇ ಕೇಳಿ ಬರೆದಿಡುವುದು ಪಿತೃಋಣದ ಒಂದು ಭಾಗವೇ ಸರಿ. ಅನ್ನವನ್ನು ಬೆಳೆಯಲು ನೆರವಾದ ಕೈಗಳಿಗೂ ಚರಿತ್ರೆಯಲ್ಲಿ ಹೆಸರಿನ ಹಕ್ಕುಂಟು.