ಚೌಕಿಯೆಂಬ ಮನೆ



ಈ ಉಪನ್ಯಾಸ ಮಾಲೆಯಲ್ಲಿ ಯಕ್ಷಗಾನವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದವರು ನನ್ನನ್ನು ಕೇಳಿಕೊಂಡಾಗ, ರಂಗಸ್ಥಳದ ವಿಚಾರವನ್ನು ಬಲ್ಲವರಿಗೆ ಬಿಟ್ಟು ಅದರ ಹಿಂಬದಿಯಲ್ಲಿ ಬಣ್ಣ ಹಚ್ಚುವ ಚೌಕಿಯೊಂದನ್ನೇ ಕುರಿತು ಮಾತನಾಡಲು ಅಪ್ಪಣೆಯಾದರೆ ಬರುವೆನೆಂದು ನಾನು ಉತ್ತರ ಕೊಟ್ಟೆನು. ಅವರು ಒಪ್ಪಿದರು. ಐವತ್ತು ವರ್ಷಗಳಿಂದ ನನ್ನ ಮನಸ್ಸಿನಲ್ಲಿ ಕುಳಿತಿರುವ ಒಂದು ವಾದವನ್ನು ಈ ಮಂಗಳೂರಿನಲ್ಲಿಯೇ, ಆಟವನ್ನು ಕಂಡು ಬೆಳೆದ ನಿಮ್ಮಂಥವರ ಮುಂದೆ ಇರಿಸುವ ಅವಕಾಶ ಒದಗಿದ್ದು ನನ್ನ ಪುಣ್ಯ.

ಚರಿತ್ರೆಯನ್ನು ನಾನು ವಿಸ್ತರಿಸುವುದಿಲ್ಲ. ಕುಂಬಳೆಯ ಪಾರ್ತಿಸುಬ್ಬನ ಕಾಲ ಯಾವುದು, ಕೃತಿಗಳು ಯಾವುವು ಎಂಬ ವಿಷಯದಲ್ಲಿ ಮುಳಿಯ ತಿಮ್ಮಪ್ಪಯ್ಯನವರು, ಶಿವರಾಮ ಕಾರಂತರು, ಕುಕ್ಕಿಲ ಕೃಷ್ಣ ಭಟ್ಟರು ನಡೆಸಿದ ಚರ್ಚೆ ನಿಮಗೆಲ್ಲ ತಿಳಿದದ್ದೇ. ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ನಮ್ಮ ಜಿಲ್ಲೆಯೇ ಹಿಗ್ಗಿತು. ಹಾಡಿನ ಮಟ್ಟು, ಕುಣಿತದ ಹೆಜ್ಜೆ, ಕಿರೀಟದ ಆಕಾರ, ಅರ್ಥಗಾರಿಕೆಯ ಗಾಂಭೀರ್ಯ ಎಲ್ಲವನ್ನೂ ವಿದ್ವಾಂಸರು ಅಳೆದು ತೂಗಿ ಬರೆದಿದ್ದಾರೆ. ಆದರೆ ಬಯಲಾಟವೆಂಬ ಆ ಶಬ್ದದಲ್ಲಿ ಆಟಕ್ಕೆ ಸಂದ ಗೌರವ ಬಯಲಿಗೆ ಸಂದಿಲ್ಲವೆಂಬುದು ನನ್ನ ಅಳಲು. ದೀಪಾವಳಿ ಕಳೆದ ಬಳಿಕ ಹೊರಟು, ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು, ಎಂದರೆ ಮೇ 24ರ ಸುಮಾರಿಗೆ, ಗೆಜ್ಜೆ ಬಿಚ್ಚುವ ತನಕ, ಆರು ತಿಂಗಳ ಕಾಲ ಮೂವತ್ತು ನಲವತ್ತು ಮಂದಿ ರಾತ್ರಿಯಿಡೀ ಬಯಲಿನಲ್ಲಿಯೇ ಬಾಳಿದರಲ್ಲ, ಅವರು ಎಲ್ಲಿ ಒರಗಿದರು, ಏನನ್ನು ಕಂಡು ಸಂತೋಷಪಟ್ಟರು ಎಂಬುದನ್ನು ನಾವು ಕೇಳಿಕೊಂಡದ್ದು ಕಡಿಮೆ.

ನನಗೆ ಹತ್ತು ವರ್ಷವಾಗಿದ್ದಾಗ ನಮ್ಮ ಸೋದರಮಾವನವರು ಕಟೀಲು ಮೇಳದ ಹರಕೆಯ ಆಟವನ್ನು ಆಡಿಸಿದರು. ಪ್ರಸಂಗ ಶ್ರೀದೇವೀ ಮಹಾತ್ಮೆ. ಏಣಿಲು ಬೆಳೆಯ ಕೊಯಿಲು ಮುಗಿದು, ಕಾಲಿಗೆ ಕೂಳೆ ಚುಚ್ಚುವ ಗದ್ದೆಯಲ್ಲಿ ರಂಗಸ್ಥಳವೆದ್ದಿತು; ಅದರ ಹಿಂದೆ ಸ್ವಲ್ಪ ದೂರದಲ್ಲಿ ಅಡಿಕೆಮರದ ಕಂಬ ನೆಟ್ಟು, ಹೆಣೆದ ಮಡಲು ಹೊದಿಸಿ, ಸುತ್ತಲೂ ತಟ್ಟಿ ಕಟ್ಟಿ ಚೌಕಿಯನ್ನು ಮಾಡಿದರು. ನನ್ನ ಅಂದಿನ ಹೆಜ್ಜೆಯಲ್ಲಿ ಉದ್ದ ಮೂವತ್ತು, ಅಗಲ ಹತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಈ ಊರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ನಮ್ಮ ಮನೆಗಳ ಮಾಡು ಒಂದೊಂದಾಗಿ ಕೆಂಪಾಗುತ್ತ ಬಂದರೂ ಚೌಕಿಯ ಮಾಡು ಮಡಲಿನದಾಗಿಯೇ ಉಳಿದಿತ್ತು. ಸಂದಿಗಳಿಂದ ನಕ್ಷತ್ರಗಳು ಕಾಣುತ್ತಿದ್ದುವು. ಒಳಗೆ ಒಂದು ತುದಿಯಲ್ಲಿ ಮೇಳದ ದೇವರು, ದೀಪ. ಅಲ್ಲಿಂದ ಎರಡು ಸಾಲಾಗಿ, ಎದುರುಬದುರಾಗಿ, ವೇಷದ ಶ್ರೇಣಿಗನುಸಾರವಾಗಿ ಕಲಾವಿದರ ಸ್ಥಾನಗಳು. ಪ್ರತಿಯೊಬ್ಬನಿಗೂ ಒಂದು ಚಾಪೆಯ ಅಗಲ, ಒಂದು ಪೆಟ್ಟಿಗೆ. ಆ ಪೆಟ್ಟಿಗೆಯೇ ಅವನಿಗೆ ಒರಗು, ಮೇಜು, ಕಪಾಟು. ಅದರ ಮುಚ್ಚಳದ ಒಳಮೈಗೆ ಅಂಟಿಸಿದ ಕನ್ನಡಿಯ ಪಕ್ಕದಲ್ಲಿ ದೇವರ ಪಟವೊಂದು, ಕೆಲವರಲ್ಲಿ ಮಗುವಿನ ಭಾವಚಿತ್ರವೊಂದು.

ಬಂದವರಿಗೆ ಬೆಲ್ಲನೀರು ಕೊಡುವ ಕಾರ್ಯಕ್ಕಾಗಿ ನನ್ನನ್ನು ಅಲ್ಲಿಗೆ ಕಳುಹಿಸಿದ್ದರು. ಕಳುಹಿಸಿದವರು ಮರೆತರು, ನಾನು ಬೆಳಗಿನ ತನಕ ಅಲ್ಲಿಯೇ ಉಳಿದೆನು.

ಆ ರಾತ್ರಿ ನಾನು ಕಂಡದ್ದನ್ನು ಎಷ್ಟು ಹೇಳಿದರೂ ನನಗೆ ತೃಪ್ತಿಯಿಲ್ಲ. ಇನ್ನು ಕೆಲವೇ ಗಂಟೆಗಳಲ್ಲಿ ಮಹಿಷಾಸುರನಾಗಿ ರಾಳದ ಬೆಂಕಿಯ ನಡುವೆ ಸಭೆಯನ್ನು ಸೀಳಿಕೊಂಡು ಬರಬೇಕಾದ ಆಜಾನುಬಾಹು ಪುರುಷನು ಕಾಲು ಚಾಚಿ ಕುಳಿತು, ತನ್ನ ಅಂಗಿಗೆ ಗುಬ್ಬಿ ಹೊಲಿಯುತ್ತಿದ್ದನು. ಸೂಜಿಗೆ ನೂಲು ಪೋಣಿಸಿ ಕೊಟ್ಟವನು ಆ ಇರುಳು ದೇವಿಯಾಗತಕ್ಕವನು. ನವಭಾರತ ಪತ್ರಿಕೆಯ ಒಂದೇ ಪ್ರತಿಯ ಹಾಳೆಗಳು ಬೇರೆಬೇರೆಯಾಗಿ ಐದಾರು ಜನರ ಕೈಯಲ್ಲಿ ಸುತ್ತುತ್ತಿದ್ದುವು. ಆಟವನ್ನು ಸಾರುವ ಕೇಳಿ ಬಡಿಯುವ ಮುನ್ನ, ಗದ್ದೆಯ ಮೇಲಿನಿಂದ ತಣ್ಣನೆಯ ಗಾಳಿಯೊಂದು ಬಂದು ತಟ್ಟಿಗಳನ್ನು ಅಲುಗಾಡಿಸಿದಾಗ, ಎರಡೂ ಸಾಲಿನವರು ಕೈಯ ಕೆಲಸವನ್ನು ನಿಲ್ಲಿಸಿ ಒಂದು ಕ್ಷಣ ಸುಮ್ಮನೆ ಕುಳಿತರು. ಯಾರೂ ಏನನ್ನೂ ನುಡಿಯಲಿಲ್ಲ. ಆ ಗಾಳಿಯನ್ನು ಅವರು ಒಟ್ಟಾಗಿ ಉಂಡರೆಂದೇ ನನಗೆ ತೋರಿತು.

ಬಣ್ಣದ ವೇಷದ ಮುಖಕ್ಕೆ ಅಕ್ಕಿಹಿಟ್ಟು ಸುಣ್ಣಗಳ ಚುಟ್ಟಿಯನ್ನು ಒಂದೊಂದೇ ಮುಳ್ಳಾಗಿ ಇಡುವುದನ್ನು ನೀವು ಕಂಡಿದ್ದೀರಿ. ಗಂಟೆಗಟ್ಟಲೆ ಹಿಡಿಯುವ ಕೆಲಸವದು. ಚುಟ್ಟಿ ಒಣಗುವವರೆಗೆ ನಗುವಂತಿಲ್ಲ, ಮಾತಾಡುವಂತಿಲ್ಲ, ಎಲೆಯಡಿಕೆ ಹಾಕುವಂತಿಲ್ಲ. ಅಂಥ ಸ್ಥಿತಿಯಲ್ಲಿ ಕುಳಿತ ಒಬ್ಬ ಹಿರಿಯರು ನನ್ನನ್ನು ಕಣ್ಸನ್ನೆಯಿಂದ ಹತ್ತಿರ ಕರೆದು, ಬೀಸಣಿಗೆಯನ್ನು ತೋರಿಸಿ, ಬಳಿಕ ನಮ್ಮ ಅಡುಗೆಯ ಚಪ್ಪರದ ಕಡೆಗೆ ಬೆರಳು ಮಾಡಿದರು. ಬೀಸುವುದೇನೋ ನನಗೆ ತಿಳಿಯಿತು. ಎರಡನೆಯ ಸನ್ನೆ ತಿಳಿಯಲಿಲ್ಲ. ಪಕ್ಕದವರು ಹೇಳಿದರು: “ಅಡುಗೆಗೆ ಎಂತ ಉಂಟು ಅಂತ ಕೇಳ್ತಾ ಇದ್ದಾರೆ ಮಾಣಿ, ಹೇಳು.” ಗುಜ್ಜೆಯ ಪಲ್ಯ, ಸೌತೆಕಾಯಿ ಹುಳಿ, ಕಡ್ಲೆಬೇಳೆಯ ಪಾಯಸ ಎಂದು ನಾನು ಹೇಳುತ್ತ ಹೋದಂತೆ ಆ ಭೀಷಣವಾದ ಮುಖದೊಳಗಿನ ಎರಡು ಕಣ್ಣುಗಳು ಎಷ್ಟು ಪ್ರಸನ್ನವಾದುವೆಂದರೆ, ಉಂಡ ಪಾಯಸಕ್ಕಿಂತ ಕೇಳಿದ ಪಾಯಸವೇ ಹೆಚ್ಚು ಸವಿಯೆಂಬುದನ್ನು ನಾನು ಅಂದು ಪ್ರತ್ಯಕ್ಷವಾಗಿ ಕಂಡೆನು.

ಆದರೆ ನನ್ನನ್ನು ಅತ್ಯಂತ ವಿಸ್ಮಯಗೊಳಿಸಿದ್ದು ಅಲ್ಲಿನ ನಿದ್ರೆ. ರಕ್ತಬೀಜನ ಪಾತ್ರ ಬರುವುದು ಬೆಳಗಿನ ಜಾವಕ್ಕೆ. ಆ ವೇಷಧಾರಿಯು ಚೌಕಿಪೂಜೆಯ ಪ್ರಸಾದವನ್ನು ಸ್ವೀಕರಿಸಿ, ಪೆಟ್ಟಿಗೆಗೆ ತಲೆಗೊಟ್ಟು ಮಲಗಿಬಿಟ್ಟನು. ಕೂಗಳತೆಯಲ್ಲಿ ಚೆಂಡೆ ಸಿಡಿಲಿನಂತೆ ಮೊಳಗುತ್ತಿದೆ, ಜನ ಬೊಬ್ಬಿಡುತ್ತಿದ್ದಾರೆ, ಇವನ ಉಸಿರು ಮಗುವಿನ ಉಸಿರಿನಂತೆ ನಡೆದಿದೆ. ಇವನನ್ನು ಎಬ್ಬಿಸುವವರು ಯಾರು ಎಂದು ನಾನು ಕಳವಳದಿಂದ ಕೇಳಿದಾಗ ಬಟ್ಟೆಬರೆ ನೋಡಿಕೊಳ್ಳುತ್ತಿದ್ದವರು, “ಎಬ್ಬಿಸುವುದು ಬೇಡ ಮಾರಾಯ, ಪದ ಬಂದಾಗ ಅವರಿಗೇ ಗೊತ್ತಾಗ್ತದೆ” ಎಂದರು. ಹಾಗೆಯೇ ಆಯಿತು. ಅಷ್ಟು ಹೊತ್ತಿನ ಗದ್ದಲಕ್ಕೆ ಅಲುಗದಿದ್ದ ಮನುಷ್ಯನು ಭಾಗವತರು ಎತ್ತಿದ ಒಂದು ಪದ್ಯದ ಮೊದಲ ಸ್ವರಕ್ಕೆ ಕಣ್ಣು ತೆರೆದು, ಎದ್ದು, ಮುಖ ತೊಳೆದು, ಅರದಾಳದ ಚಿಪ್ಪನ್ನು ಕೈಗೆತ್ತಿಕೊಂಡನು. ಮನೆಯಲ್ಲಲ್ಲದೆ ಇಂಥ ನಿದ್ರೆ ಬೇರೆಲ್ಲಿ ಬರುತ್ತದೆ?

ಇಲ್ಲಿಂದಲೇ ನನ್ನ ವಾದದ ಆರಂಭ. ಚೌಕಿಯೆಂದರೆ ಸಂಸ್ಕೃತ ನಾಟ್ಯಶಾಸ್ತ್ರಕಾರರು ಹೇಳುವ ನೇಪಥ್ಯವೇ ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ಬಣ್ಣ ಹಚ್ಚುವ ಸ್ಥಳವೆಂಬಷ್ಟಕ್ಕೆ ಅದು ಸರಿ. ಆದರೆ ಜನರು ಅದನ್ನು ಆ ಹೆಸರಿನಿಂದ ಕರೆಯಲಿಲ್ಲ, ಚೌಕಿಯೆಂದು ಕರೆದರು. ನಮ್ಮ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ‘ಚೌಕಿಮನೆ’ಯೆಂದರೆ ಯಾವುದು? ನಾಲ್ಕು ಕಡೆಗಳಲ್ಲೂ ಕಟ್ಟಡವಿದ್ದು ನಟ್ಟನಡುವೆ ಆಕಾಶಕ್ಕೆ ತೆರೆದ ಅಂಗಳವುಳ್ಳ ಮನೆ. ಮಳೆ ಬಿದ್ದರೆ ಮನೆಯೊಳಗೇ ಬೀಳುವ ಮನೆ. ಸಂಸ್ಕೃತದ ಚತುಷ್ಕವು ಪ್ರಾಕೃತದಲ್ಲಿ ಚಉಕ್ಕವಾಗಿ ನಮ್ಮಲ್ಲಿ ಚೌಕವಾಯಿತು. ಬಯಲನ್ನು ಒಳಗಿಟ್ಟುಕೊಂಡ ಮನೆ ಚೌಕಿ. ಬಯಲೊಳಗೆ ಇಟ್ಟ ಮನೆಯೂ ಚೌಕಿ. ಆರು ತಿಂಗಳು ಮನೆಯನ್ನು ತೊರೆದವರು ತಮ್ಮ ಮನೆಯ ಹೆಸರನ್ನೇ ತಮ್ಮೊಡನೆ ಹೊತ್ತು ತಂದು, ಸಂಜೆಗೆ ಕಟ್ಟಿ ಬೆಳಗಿಗೆ ಬಿಚ್ಚುತ್ತಿದ್ದರೆಂಬುದೇ ನನ್ನ ನಂಬಿಕೆ.

ಈ ನಂಬಿಕೆಯನ್ನು ನಾನು ಮೊದಲು ನಿವೇದಿಸಿದ್ದು ನಮ್ಮ ಕನ್ನಡ ಪಂಡಿತರ ಮುಂದೆ. ಹೈಸ್ಕೂಲಿನಲ್ಲಿ ನನಗೆ ಶಬ್ದಮಣಿದರ್ಪಣವನ್ನು ಕಲಿಸಿದವರು. ಬಿಳಿಯ ಪಂಚೆ, ಮುಚ್ಚುಕೊರಳಿನ ಕೋಟು, ಹೆಗಲಿಗೆ ನೇತುಹಾಕಿದ ಕೊಡೆ. ಶಬ್ದವೊಂದರ ಬೆನ್ನು ಹತ್ತಿದರೆಂದರೆ ಕದ್ರಿಯ ಗುಡ್ಡದಿಂದ ಕಾರ್‌ಸ್ಟ್ರೀಟಿನವರೆಗೆ ನಡೆದದ್ದೂ ಅವರಿಗೆ ತಿಳಿಯುತ್ತಿರಲಿಲ್ಲ. ಅವರು ನನ್ನ ಮಾತನ್ನು ಪೂರ್ತಿಯಾಗಿ ಕೇಳಿ, ನಿಂತು, “ತಪ್ಪು” ಎಂದರು. ಚೌಕಿಯೆಂದರೆ ಕಾವಲುಗಾರರ ಠಾಣೆ, ದಾರಿಯ ತಂಗು. ಉತ್ತರದ ಭಾಷೆಗಳಲ್ಲಿ ಇರುವ ಆ ಅರ್ಥವೇ ನಮ್ಮಲ್ಲಿಗೂ ಬಂದಿದೆ. ಕಾಸರಗೋಡಿನ ಬಳಿ ಚೌಕಿಯೆಂಬ ಊರೇ ಇದೆ, ಅದನ್ನೂ ಅಂಗಳದ ಮನೆ ಎನ್ನುವೆಯಾ ಎಂದು ಕೇಳಿದರು. ಎರಡೂ ಶಬ್ದಗಳ ಬೇರು ಒಂದೇ ಅಲ್ಲವೆ ಎಂದು ನಾನೆಂದೆ. ಬೇರು ಒಂದಾದ ಮಾತ್ರಕ್ಕೆ ಹಣ್ಣು ಒಂದೇ ಆಗಬೇಕಿಲ್ಲ ಎಂದು ಅವರೆಂದರು. ಹೀಗೆ ಆರಂಭವಾದ ವಾದ ಅವರ ಕೊನೆಯ ವರ್ಷದವರೆಗೂ ನಡೆಯಿತು, ಹಾಸಿಗೆ ಹಿಡಿದ ಮೇಲೆಯೂ ನಾನು ನೋಡಲು ಹೋದರೆ, “ನಿನ್ನ ಚೌಕಿ ಇನ್ನೂ ಮನೆಯಾಗಿಯೇ ಉಂಟೋ?” ಎಂದೇ ಕೇಳುತ್ತಿದ್ದರು.

ಅವರ ಆಕ್ಷೇಪಣೆಗಳಲ್ಲಿ ಒಂದಕ್ಕೆ ನಾನು ಉತ್ತರಿಸಬಲ್ಲೆ. ಹಗಲು ಹೊತ್ತು ಮೇಳದವರು ಇಳಿದುಕೊಳ್ಳುವುದು ಆಡಿಸುವವರ ಚಾವಡಿಯಲ್ಲಿಯೋ ಶಾಲೆಯಲ್ಲಿಯೋ ಅಲ್ಲವೆ, ಮನೆಯೆನ್ನುವುದಾದರೆ ಆ ಬಿಡಾರವನ್ನು ಎನ್ನು, ಚೌಕಿಯನ್ನೇಕೆ ಎಂದು ಅವರು ಕೇಳುತ್ತಿದ್ದರು. ಬಿಡಾರ ಪರರದು, ಅಲ್ಲಿ ಕಲಾವಿದನು ಅತಿಥಿ, ಕಾಲು ಮಡಚಿಯೇ ಕೂರಬೇಕು. ಚೌಕಿ ಅವನದು. ಅಲ್ಲಿ ಊರಿನ ಧಣಿ ಬಂದರೂ ಚಪ್ಪಲಿಯನ್ನು ಹೊರಗೆ ಬಿಟ್ಟು, ಕುಳಿತವನನ್ನು ದಾಟದೆ, ಗೆಜ್ಜೆಯನ್ನು ಮೆಟ್ಟದೆ, ಬದಿಯಿಂದ ನಡೆಯಬೇಕು. ಒಂದು ಚಾಪೆಯ ಅಗಲದಲ್ಲಿ ಒಬ್ಬ ಮನುಷ್ಯನಿಗೆ ಇಷ್ಟು ಮರ್ಯಾದೆ ಸಲ್ಲುವ ಬೇರೊಂದು ತಾಣವನ್ನು ನಾನು ಕಂಡಿಲ್ಲ.

ಅವರ ಎರಡನೆಯ ಆಕ್ಷೇಪಣೆ ವ್ಯಾಕರಣದ್ದಲ್ಲ. ಆದುದರಿಂದಲೇ ಅದು ನನ್ನನ್ನು ಇಂದಿಗೂ ಚುಚ್ಚುತ್ತದೆ. “ನೀನು ಕಂಡದ್ದು ಒಂದು ರಾತ್ರಿ, ಅದೂ ಪಾಯಸವಿದ್ದ ರಾತ್ರಿ” ಎಂದು ಅವರು ಒಮ್ಮೆ ಹೇಳಿದರು. ಅವರ ಬಂಧುಗಳೊಬ್ಬರು ಹಿಂದೆ ಮೇಳದಲ್ಲಿದ್ದವರು. ವಾಹನಗಳಿಲ್ಲದ ಆ ಕಾಲದಲ್ಲಿ ಬಣ್ಣವನ್ನು ತೆಂಗಿನೆಣ್ಣೆಯಿಂದ ಒರೆಸಿ, ತೊರೆಯಲ್ಲಿ ಮಿಂದು, ಕಣ್ಣು ಎಳೆಯುತ್ತಿರುವಾಗಲೇ ಮುಂದಿನ ಊರಿಗೆ ನಡೆಯುತ್ತಿದ್ದರಂತೆ. ಪೆಟ್ಟಿಗೆಗಳನ್ನು ಹೊರೆಯಾಳುಗಳು ಹೊರುತ್ತಿದ್ದರಂತೆ. ಜ್ವರ ಬಂದರೂ ವೇಷ ಬಿಡುವಂತಿರಲಿಲ್ಲವಂತೆ. ಮಳೆಗಾಲದ ಗಂಜಿಗೆ ಮುಂಗಡದ ಸಾಲವೇ ಆಧಾರವಾಗಿತ್ತಂತೆ. “ಅದು ಬಡತನದ ಬಿಡಾರ. ಅದರ ಗಾಳಿಯನ್ನು ಹೊಗಳುವ ಮೊದಲು ಅದರ ತಟ್ಟಿಯನ್ನು ನೋಡು” ಎಂದರು. ನಾನು ಮೌನವಾದೆನು.

ಆದರೂ, ಗೆಳೆಯರೆ, ಆ ಮೌನದಿಂದ ನನ್ನ ಕಣ್ಣು ಕಂಡದ್ದು ಸುಳ್ಳಾಗಲಿಲ್ಲ. ಬಡತನವಿತ್ತು, ಗಾಳಿಯೂ ಇತ್ತು. ಸುಡುವ ಚಹಾದ ಲೋಟವನ್ನು ಮುಖದ ಬಣ್ಣಕ್ಕೆ ತಾಗದಂತೆ ಎತ್ತಿ ಹಿಡಿದು ಗುಟುಕು ಗುಟುಕಾಗಿ ಇಳಿಸುವಾಗಿನ ಅವರ ತನ್ಮಯತೆ. ರಂಗದಿಂದ ಬೆವರಿಳಿಸಿಕೊಂಡು ಬಂದ ಪುಂಡುವೇಷದ ಹುಡುಗನ ಎದೆಕಟ್ಟನ್ನು ಸಡಿಲಿಸಿ ಹಿರಿಯರು ಬೆನ್ನು ತಟ್ಟಿದಾಗ ಅವನ ಮುಖದಲ್ಲಿ ಮೂಡಿದ ಕಳೆ. ಸರದಿ ಮುಗಿದವನು ಗೆಜ್ಜೆ ಬಿಚ್ಚಿ ಪಾದಗಳನ್ನು ತಣ್ಣನೆಯ ಮಣ್ಣಿನ ಮೇಲೆ ಊರಿ ಬಿಟ್ಟ ಆ ದೀರ್ಘವಾದ ನಿಟ್ಟುಸಿರು. ಇವುಗಳನ್ನು ಯಾವ ಲೆಕ್ಕದಲ್ಲಿ ಬರೆಯೋಣ? ಕೊರತೆಯಲ್ಲಿ ಹುಟ್ಟಿದ ಸುಖವಾದ ಕಾರಣ ಅದು ಸುಖವಲ್ಲವೆಂದು ಹೇಳುವ ಅಧಿಕಾರ, ಉಂಡು ತೇಗಿದ ನಮಗೆ ಇದೆಯೆ?

ಈಗ ಕಾಲ ಬೇರೆಯಾಗಿದೆ. ಮೇಳಗಳಿಗೆ ಬಸ್ಸು ಲಾರಿಗಳಿವೆ. ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ ಧ್ವನಿವರ್ಧಕವನ್ನು ನಿರ್ಬಂಧಿಸುವ, 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಚರ್ಚೆಯೂ, ಪ್ರೇಕ್ಷಕರ ಬೆಳಗಿನ ಉದ್ಯೋಗದ ಚಿಂತೆಯೂ ಕೂಡಿ ಕಾಲಮಿತಿಯ ಆಟಗಳು ಬಂದಿವೆ. ಸಂಜೆಗೆ ಆರಂಭವಾದ ಆಟ ನಡುರಾತ್ರಿಯ ಸುಮಾರಿಗೆ ಮುಗಿಯುತ್ತದೆ. ಅನೇಕ ಕಲಾವಿದರು ಬಣ್ಣ ಒರೆಸಿ ತಮ್ಮ ತಮ್ಮ ವಾಹನಗಳಲ್ಲಿ ಮನೆ ಸೇರುತ್ತಾರೆ, ಹೆಂಡತಿ ಮಕ್ಕಳ ನಡುವೆ ಮಲಗುತ್ತಾರೆ. ಕಳೆದ ವರ್ಷ ನಗರದ ಅಂಚಿನ ಒಂದು ಆಟದ ಚೌಕಿಗೆ ಹೋಗಿದ್ದೆನು. ತಗಡಿನ ಮಾಡು, ವಿದ್ಯುದ್ದೀಪ, ಬೀಸಣಿಗೆ ಯಂತ್ರ. ಸ್ಥಾನಗಳು ಹಾಗೆಯೇ ಇದ್ದುವು, ಪೆಟ್ಟಿಗೆಗಳು ಹಾಗೆಯೇ ಇದ್ದುವು. ಮಲಗಿದವನು ಮಾತ್ರ ಒಬ್ಬನೂ ಇರಲಿಲ್ಲ. ಇರುಳಿನ ನಿದ್ರೆಯನ್ನು ಕಳೆದುಕೊಂಡ ಆ ಜಾಗವು ನನ್ನ ಗುರುಗಳು ಹೇಳಿದ ತಂಗುದಾಣದಂತೆ, ಪುಸ್ತಕಗಳು ಹೇಳುವ ನೇಪಥ್ಯದಂತೆ ನನಗೆ ಕಂಡಿತು.

ದುಃಖವಾಯಿತು. ಆ ದುಃಖವನ್ನು ಅಲ್ಲಿದ್ದ ಒಬ್ಬ ತರುಣ ಸ್ತ್ರೀವೇಷಧಾರಿಯೊಡನೆ ತೋಡಿಕೊಂಡಾಗ ಆತನು ಬಹಳ ವಿನಯದಿಂದ, “ನನ್ನ ಮಗಳು ನನ್ನನ್ನು ಈಗ ದಿನಾ ನೋಡ್ತಾಳೆ ಸಾರ್” ಎಂದನು.

ಪೆಟ್ಟಿಗೆಯ ಮುಚ್ಚಳದೊಳಗೆ ಅಂಟಿಸಿದ್ದ ಮಗುವಿನ ಭಾವಚಿತ್ರ ನನಗೆ ನೆನಪಾಯಿತು. ಹತ್ತರ ಹುಡುಗನಾಗಿ ನಾನು ಆ ಚಿತ್ರವನ್ನು ಕಂಡದ್ದುಂಟು. ಆ ಮಗುವಿನ ತಾಯಿ ಆರು ತಿಂಗಳ ಇರುಳುಗಳನ್ನು ಹೇಗೆ ಕಳೆದಳೆಂದು ಕೇಳಿದವನಲ್ಲ. ಅವಳ ಮನೆಯಿಂದ ಕಡಿದು ತಂದ ತುಂಡೇ ಈ ಚೌಕಿಯ ಮನೆಯಾಗಿದ್ದರೆ, ಅದರ ಸುಖವನ್ನು ನಾನು ಯಾರ ಪರವಾಗಿ ಹೊಗಳುತ್ತಿದ್ದೇನೆ? ಅತ್ತ, ಮನೆಗೆ ಮರಳುವ ಈ ತರುಣನಿಗೆ, ಪದ ಬಂದಾಗ ತಾನಾಗಿ ಎಚ್ಚರಗೊಳ್ಳುವ ಆ ನಿದ್ರೆಯನ್ನು ಯಾರು ಕಲಿಸುವರು, ಅಥವಾ ಅದು ಅವನಿಗೆ ಬೇಕೆ? ಈ ಸಭೆಯಲ್ಲಿ ಮೇಳದ ಕುಟುಂಬಗಳಿಂದ ಬಂದವರು ಕೆಲವರಿದ್ದೀರಿ. ಅಟ್ಟದ ಮೇಲೆ ಅಜ್ಜನ ಪೆಟ್ಟಿಗೆಯನ್ನು ಇಟ್ಟುಕೊಂಡವರೂ ಇರಬಹುದು. ನಿಮ್ಮ ಅಜ್ಜಿಯಂದಿರು ಚೌಕಿಯನ್ನು ಏನೆಂದು ಕರೆಯುತ್ತಿದ್ದರು?