ಮಗುವಿನ ಮುಂಜಿ: ತಾಯಿಯನ್ನೂ ಕೇಳೋಣ

(ಶೃಂಗೇರಿ ತಾಲೂಕಿನ ಅಡ್ಡಗದ್ದೆಯಲ್ಲಿ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮನೆಯಲ್ಲಿ ಗಂಡುಮಗು ಜನಿಸಿದೊಡನೆ ಮೂರು ವಿಷಯಗಳು ಚರ್ಚೆಗೆ ಬರುತ್ತವೆ: ಹೆಸರು, ಅಕೀಕಾ ಮತ್ತು ಮುಂಜಿ. ಹೆಸರಿಗಾಗಿ ಬಂಧುಬಳಗವನ್ನೆಲ್ಲ ವಿಚಾರಿಸುತ್ತೇವೆ. ಆದರೆ ಮುಂಜಿಯ ದಿನ ನಿಗದಿಯಾದ ಬಳಿಕವಷ್ಟೇ ತಾಯಿಗೆ ತಿಳಿಸುವ ಮನೆಗಳು ಇಂದಿಗೂ ಇವೆ. ಈ ಮಾತನ್ನೇ ಇಂದು ನಿಮ್ಮ ಮುಂದಿಡಬಯಸುತ್ತೇನೆ.

ಕುರ್‌ಆನಿನಲ್ಲಿ ಸ್ಪಷ್ಟ ಉಲ್ಲೇಖವಿಲ್ಲದ ಮುಂಜಿಯನ್ನು ಮಾಡಲೇಬೇಕೇ ಎಂದು ಕೆಲವು ಯುವ ದಂಪತಿಗಳು ಪ್ರಶ್ನಿಸುತ್ತಾರೆ. ಅವರ ಬಾಯಿ ಮುಚ್ಚಿಸುವುದು ಉತ್ತರವಲ್ಲ. ಕುರ್‌ಆನಿನಲ್ಲಿ ನೇರ ಆಜ್ಞೆ ಇಲ್ಲವೆಂಬುದು ನಿಜ. ಆದರೆ ಮಾನವನ ಸಹಜ ಪ್ರಕೃತಿಗೆ ಸೇರಿದ ಐದು ಶುಚಿತ್ವದ ಕರ್ಮಗಳಲ್ಲಿ ಇದೂ ಒಂದೆಂದು ಬುಖಾರಿ ಹಾಗೂ ಮುಸ್ಲಿಮ್ ಸಂಗ್ರಹಗಳ ಹದೀಸ್ ತಿಳಿಸುತ್ತದೆ. ಇದು ಪ್ರವಾದಿ ಇಬ್ರಾಹೀಮರ(ಅ) ಪರಂಪರೆ. ಶಾಫಿಈ ಮತ್ತು ಹಂಬಲಿ ವಿದ್ವಾಂಸರು ಇದನ್ನು ಕಡ್ಡಾಯವೆಂದರು. ಹನಫಿ ಮತ್ತು ಮಾಲಿಕಿ ವಿದ್ವಾಂಸರು ಸುನ್ನತ್ ಎಂದರು. ಕರಾವಳಿಯಿಂದ ಘಟ್ಟವೇರಿ ಬಂದ ಬ್ಯಾರಿಗಳು ಶಾಫಿಈಗಳು, ಉರ್ದು ಮಾತನಾಡುವವರು ಬಹುತೇಕ ಹನಫಿಗಳು. ಆದ್ದರಿಂದ ಮಲೆನಾಡಿನ ಒಂದೇ ಬೀದಿಯಲ್ಲಿ ಈ ಎರಡು ಅಭಿಪ್ರಾಯಗಳೂ ಅಕ್ಕಪಕ್ಕದಲ್ಲಿ ಬಾಳುತ್ತಿವೆ.

ಮುಂಜಿ ಮಾಡಬೇಕೆಂಬುದರಲ್ಲಿ ಕಾಣುವ ಈ ಖಚಿತತೆ ಅದರ ಕಾಲದ ವಿಷಯದಲ್ಲಿಲ್ಲ. ಶಾಫಿಈಗಳಲ್ಲಿ ಏಳನೇ ದಿನ ಅಪೇಕ್ಷಣೀಯ. ಆದರೆ ಮಗು ದುರ್ಬಲವಾಗಿದ್ದರೆ ಅದು ಸಶಕ್ತವಾಗುವವರೆಗೆ ಮುಂದೂಡಬೇಕು. ಹನಫಿಗಳಲ್ಲಿ ನಿರ್ದಿಷ್ಟ ದಿನವೇ ಇಲ್ಲ. 1350ರಲ್ಲಿ ನಿಧನರಾದ ದಮಾಸ್ಕಸ್‌ನ ವಿದ್ವಾಂಸ ಇಬ್ನುಲ್ ಖಯ್ಯಿಮ್‌ರವರು ನವಜಾತ ಶಿಶುವಿನ ಕುರಿತ ತಮ್ಮ ಗ್ರಂಥದಲ್ಲಿ, ಪ್ರಾಣಭಯವಿರುವ ದುರ್ಬಲನಿಗೆ ಈ ಹೊಣೆಯಿಂದ ವಿನಾಯಿತಿ ನೀಡಿದ್ದಾರೆ. ಅಂದರೆ ಶರೀಅತ್ ಮಗುವಿನ ಜೀವವನ್ನು ಆಚರಣೆಗಿಂತ ಮೊದಲು ಕಂಡಿದೆ.

ಈಗ ತಾಯಿಯ ವಿಷಯಕ್ಕೆ ಬರೋಣ. ಹಿಮೋಫಿಲಿಯಾ ಎಂಬ ರೋಗವಿದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶವೊಂದರ ಕೊರತೆಯಿಂದ ಗಾಯವಾದಾಗ ರಕ್ತಸ್ರಾವ ಬೇಗ ನಿಲ್ಲುವುದಿಲ್ಲ. ಇದರ ಮುಖ್ಯ ವಿಧವು ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಸಾಮಾನ್ಯವಾಗಿ ತಾಯಿಯ ಮೂಲಕ ಗಂಡುಮಗುವಿಗೆ ದಾಟುತ್ತದೆ. ಹೆಚ್ಚಿನ ತಾಯಂದಿರಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲ. ಹಾಗಾದರೆ ಇದರ ಸುಳಿವು ಎಲ್ಲಿದೆ? ತಂದೆಯ ಮನೆಯಲ್ಲಲ್ಲ, ತಾಯಿಯ ತವರಿನಲ್ಲಿದೆ. ಆಕೆಯ ಸಹೋದರನಿಗೆ ಹಲ್ಲು ಕೀಳಿಸಿದಾಗ ರಕ್ತ ನಿಲ್ಲಲಿಲ್ಲವೇ? ಆಕೆಯ ಸೋದರಮಾವ ಮುಂಜಿಯ ವೇಳೆ ತೀರಿಕೊಂಡನೇ? ಅಕ್ಕನ ಮಗನ ಮೊಣಕಾಲು ಆಗಾಗ ಊದುತ್ತದೆಯೇ? ಇವನ್ನು ಬಲ್ಲವಳು ಆಕೆ. ಆಕೆಯನ್ನೇ ಕೇಳದೆ ದಿನ ನಿಗದಿಪಡಿಸುತ್ತೇವೆ!

ಈ ಅರಿವು ಹೊಸದೇನಲ್ಲ. ಮುಂಜಿಯಿಂದ ಇಬ್ಬರು ಸಹೋದರರು ಮೃತಪಟ್ಟಿದ್ದರೆ ಮೂರನೆಯವನಿಗೆ ಮಾಡಬಾರದೆಂಬ ತೀರ್ಪು ಯಹೂದಿಯರ ತಾಲ್ಮೂದಿನಲ್ಲಿದೆ. ಅಕ್ಕತಂಗಿಯರ ಮಕ್ಕಳು ಹೀಗೆ ಸತ್ತ ಪ್ರಸಂಗವನ್ನೂ ಅದು ಪರಿಗಣಿಸುತ್ತದೆ. ನಮ್ಮ ರಾಜ್ಯದಲ್ಲಿ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇಂತಹ ರೋಗಿಗಳಿಗಾಗಿ ದುಡಿಯುತ್ತಿದೆ. ಸಂಶಯವಿದ್ದರೆ ಮೊದಲು ರಕ್ತಪರೀಕ್ಷೆ ಮಾಡಿಸಬೇಕು. ಹಾಗೆಯೇ ಸುಮಾರು ಮೂರನೇ ಒಂದರಷ್ಟು ಪ್ರಕರಣಗಳಲ್ಲಿ ಮನೆತನದಲ್ಲಿ ಯಾವ ಇತಿಹಾಸವೂ ಇರುವುದಿಲ್ಲ. ಆದುದರಿಂದ ರೋಗ ಪತ್ತೆಯಾದಾಗ ಸೊಸೆಯನ್ನು ದೂಷಿಸುವುದು ಅನ್ಯಾಯ. ಅದು ಆಕೆಯ ಅಪರಾಧವಲ್ಲ, ಅಲ್ಲಾಹನ ಪರೀಕ್ಷೆ.

ಇನ್ನೂ ಕೆಲವು ಸಂದರ್ಭಗಳಲ್ಲಿ ತಡೆಯಬೇಕು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು, ತೂಕ ಕಡಿಮೆಯಿರುವ ಮಗು, ಕಾಮಾಲೆಯಿರುವ ಮಗು ಕಾಯಲಿ. ಮೂತ್ರದ ರಂಧ್ರ ತುದಿಯಲ್ಲಿರದೆ ಕೆಳಭಾಗದಲ್ಲಿದ್ದರೆ ಮುಂಜಿ ಮಾಡಿಸಲೇಬಾರದು. ಮುಂದೆ ಅದನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಆ ಚರ್ಮವೇ ಬೇಕಾಗುತ್ತದೆ.

ಅಡ್ಡಗದ್ದೆಯಂತಹ ಊರಿನಲ್ಲಿ ಇದು ಪುಸ್ತಕದ ಮಾತಲ್ಲ. ಜುಲೈ ತಿಂಗಳ ಮಳೆಯಲ್ಲಿ, ನಡುರಾತ್ರಿ, ರಕ್ತ ಸುರಿಯುತ್ತಿರುವ ಮಗುವನ್ನೆತ್ತಿಕೊಂಡು ಆಗುಂಬೆ ಘಾಟಿಯಿಳಿದು ಮಣಿಪಾಲಕ್ಕೋ, ಇತ್ತ ಶಿವಮೊಗ್ಗಕ್ಕೋ ಓಡುವ ತಂದೆಯನ್ನು ಕಲ್ಪಿಸಿಕೊಳ್ಳಿ. ಮನೆಯಲ್ಲಿ, ಅರಿವಳಿಕೆಯಿಲ್ಲದೆ, ಶುಚಿಗೊಳಿಸದ ಕತ್ತಿಯಿಂದ ಮಾಡಿಸಿದರೆ ಕೆಲವು ನೂರು ರೂಪಾಯಿ ಉಳಿಯಬಹುದು. ಆದರೆ ವೈದ್ಯ ಅರಿಯದೆ ಚಿಕಿತ್ಸೆ ಮಾಡಿದವನು ಹಾನಿಗೆ ಹೊಣೆಗಾರನೆಂದು ಹದೀಸ್ ಎಚ್ಚರಿಸಿದೆ. ಅಂಥವನನ್ನು ತಿಳಿದೂ ಕರೆಸಿದ ನಾವು ನಿರ್ದೋಷಿಗಳೇ?

ಆರೋಗ್ಯದ ಲಾಭಗಳನ್ನು ಉತ್ಪ್ರೇಕ್ಷಿಸುವುದೂ ಬೇಡ. ಆಫ್ರಿಕಾದ ವಯಸ್ಕರಲ್ಲಿ ನಡೆದ ಅಧ್ಯಯನಗಳ ಆಧಾರದಲ್ಲಿ, ಎಚ್‌ಐವಿ ಹೆಚ್ಚಿರುವ ಪ್ರದೇಶಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಇದನ್ನು ಶಿಫಾರಸು ಮಾಡಿತು. ಅಮೆರಿಕದ ಮಕ್ಕಳ ವೈದ್ಯರ ಸಂಘಟನೆ 2012ರಲ್ಲಿ, ಲಾಭವು ಅಪಾಯಕ್ಕಿಂತ ಹೆಚ್ಚೆಂದರೂ ಎಲ್ಲ ಮಕ್ಕಳಿಗೂ ಮಾಡಿರೆಂದು ಹೇಳಲಿಲ್ಲ. ನಿರ್ಧಾರವನ್ನು ಪೋಷಕರಿಗೆ ಬಿಟ್ಟಿತು. ನಾವು ಮುಂಜಿ ಮಾಡಿಸುವುದು ಸುನ್ನತ್ ಎಂಬ ಕಾರಣಕ್ಕೆ. ಆ ಸತ್ಯ ಹೇಳಲು ಸಂಕೋಚವೇಕೆ?

ಕಾನೂನಿನ ಪ್ರಶ್ನೆಯೂ ಎದ್ದಿದೆ. ಜರ್ಮನಿಯ ಕಲೋನ್ ನ್ಯಾಯಾಲಯವು 2012ರಲ್ಲಿ, ನಾಲ್ಕು ವರ್ಷದ ಮುಸ್ಲಿಮ್ ಬಾಲಕನ ಪ್ರಕರಣದಲ್ಲಿ, ಧಾರ್ಮಿಕ ಕಾರಣದ ಮುಂಜಿಯು ದೈಹಿಕ ಹಾನಿ ಎಂದಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಅಲ್ಲಿನ ಸಂಸತ್ತು ಅದಕ್ಕೆ ಅನುಮತಿ ನೀಡಿತು. ಆದರೆ ವೈದ್ಯಕೀಯ ನಿಯಮಗಳ ಪಾಲನೆ ಮತ್ತು ಮಗುವಿನ ಹಿತವನ್ನು ಷರತ್ತಾಗಿಸಿತು. ಮುಂಜಿ ನಿಷೇಧಿಸಬೇಕೆಂದು ಕೋರಿದ ಅರ್ಜಿಯನ್ನು ಕೇರಳ ಹೈಕೋರ್ಟ್ 2023ರಲ್ಲಿ ತಿರಸ್ಕರಿಸಿತು. ಇಂತಹ ಅರ್ಜಿಗಳ ಹಿಂದಿನ ಉದ್ದೇಶವನ್ನು ಟೀಕಿಸುವುದು ಸುಲಭ. ಆದರೆ ನಮ್ಮ ಅಜಾಗ್ರತೆಯಿಂದ ನರಳುವ ಒಂದೊಂದು ಮಗುವೂ ಅವರ ವಾದಕ್ಕೆ ಸಾಕ್ಷಿಯಾಗುತ್ತದೆಂಬುದನ್ನು ಮರೆಯದಿರೋಣ.

ಕೊನೆಯದಾಗಿ ಆಡಂಬರ. ಶಾಮಿಯಾನ, ಹೂಮಾಲೆ, ವಿಡಿಯೋ ಚಿತ್ರೀಕರಣಗಳಿಗಾಗಿ ಸಾಲ ಮಾಡುವ ಅಗತ್ಯವೇನು? ನೋವಿನಿಂದ ಅಳುವ ಬಾಲಕನನ್ನು ನೆಂಟರ ಮುಂದೆ ಪ್ರದರ್ಶಿಸುವುದು ಯಾವ ಸಂಸ್ಕೃತಿ? ಮಗುವಿಗೂ ಹಯಾ ಇದೆ, ಘನತೆ ಇದೆ. ಶಾಮಿಯಾನದ ಹಣವನ್ನು ಉತ್ತಮ ವೈದ್ಯರಿಗೆ ಕೊಡಿ. ಉಳಿದುದನ್ನು ಬಡವನ ಮಗನ ಮುಂಜಿಗೆ ಕೊಡಿ.

ಆದ್ದರಿಂದ ಪೋಷಕರೇ, ದಿನ ಗೊತ್ತುಮಾಡುವ ಮೊದಲು ತಂದೆತಾಯಿ ಇಬ್ಬರೂ ಜೊತೆಗೆ ಕುಳಿತುಕೊಳ್ಳಿ. ತವರಿನ ಹಿರಿಯರನ್ನು ವಿಚಾರಿಸಿ. ವೈದ್ಯರಿಗೆ ಮಗುವನ್ನು ತೋರಿಸಿ. ಅವರು ಕಾಯಿರಿ ಎಂದರೆ ಕಾಯಿರಿ. ನೆರೆಮನೆಯವರ ಮಾತಿಗೆ ಅಂಜಬೇಡಿ. ಮಗು ನಮ್ಮ ಸೊತ್ತಲ್ಲ, ಅಲ್ಲಾಹನು ಒಪ್ಪಿಸಿದ ಅಮಾನತ್. ಅದನ್ನು ಕಾಪಾಡುವ ವಿವೇಕವನ್ನು ಅವನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.