ಬ್ಯಾಂಕೋ ಏಕೆ ಸುಮ್ಮನಿದ್ದ?

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಆಡಿದ ಮಾತುಗಳು)

 

ಮಕ್ಕಳಿಗೆ ನಾಲ್ಕು ಬುದ್ಧಿಮಾತು ಹೇಳಿ ಎಂದು ನನ್ನನ್ನು ಕರೆದಿದ್ದಾರೆ. ಶಾಲೆಯಲ್ಲಿದ್ದಷ್ಟು ವರ್ಷವೂ ಅದನ್ನೇ ಹೇಳಿ ನನಗೇ ಸಾಕಾಗಿದೆ. ಇವತ್ತು ಒಂದು ನಾಟಕದ ಕಥೆ ಹೇಳುತ್ತೇನೆ. ಷೇಕ್ಸ್‌ಪಿಯರ್ ಸುಮಾರು 1606ರಲ್ಲಿ ಬರೆದ ‘ಮ್ಯಾಕ್‌ಬೆತ್’. ನಮ್ಮ ಡಿ.ವಿ.ಜಿ.ಯವರು ಇದನ್ನು ಕನ್ನಡಕ್ಕೆ ತಂದಿದ್ದಾರೆ, ದೊಡ್ಡ ಮಕ್ಕಳು ಓದಬಹುದು.

ಮ್ಯಾಕ್‌ಬೆತ್ ಸ್ಕಾಟ್ಲೆಂಡಿನ ಸೇನಾನಿ. ಮೊದಲಿಗೆ ಕೆಟ್ಟವನೇನಲ್ಲ. ದೊರೆ ಡಂಕನ್‌ಗಾಗಿ ಯುದ್ಧ ಗೆದ್ದು ಗೆಳೆಯ ಬ್ಯಾಂಕೋ ಜೊತೆ ಮರಳುವಾಗ ಮೂವರು ಮಾಟಗಾತಿಯರು ಎದುರಾಗುತ್ತಾರೆ. ನೀನು ಕಾಡರ್ ಸೀಮೆಯ ಪಾಳೆಯಗಾರನಾಗುವೆ, ಮುಂದೆ ದೊರೆಯೂ ಆಗುವೆ ಎನ್ನುತ್ತಾರೆ. ಬ್ಯಾಂಕೋಗೆ, ನೀನಲ್ಲ, ನಿನ್ನ ವಂಶದವರು ದೊರೆಗಳಾಗುತ್ತಾರೆ ಎನ್ನುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಕಾಡರ್ ಪದವಿ ಬಂದ ಸುದ್ದಿ ಸಿಗುತ್ತದೆ. ಅದು ಅವನು ದುಡಿದು ಗಳಿಸಿದ್ದು, ತಪ್ಪಿಲ್ಲ. ಎರಡನೆಯದಕ್ಕೆ ಕಾಯಲು ಅವನಿಂದಾಗಲಿಲ್ಲ.

ದೊರೆ ಅತಿಥಿಯಾಗಿ ಮನೆಗೆ ಬಂದ ರಾತ್ರಿ ಮ್ಯಾಕ್‌ಬೆತ್ ಒಬ್ಬನೇ ನಿಂತು ಲೆಕ್ಕ ಹಾಕುತ್ತಾನೆ. ಇವನು ನನ್ನ ನೆಂಟ, ನನ್ನ ದೊರೆ, ನನ್ನ ಅತಿಥಿ, ಮೇಲಾಗಿ ಒಳ್ಳೆಯ ಮನುಷ್ಯ. ಕೊಲ್ಲಲು ಇರುವ ಕಾರಣ ಒಂದೇ, ನನ್ನ ಆಸೆ. ಬೇಡ ಎಂದು ಹೆಂಡತಿಗೆ ಹೇಳಿಯೂ ಬಿಡುತ್ತಾನೆ. ನೀನೂ ಒಬ್ಬ ಗಂಡಸೇ ಎಂದು ಅವಳು ಹಂಗಿಸುತ್ತಾಳೆ. ಅಷ್ಟಕ್ಕೇ ಮನಸ್ಸು ಬದಲಾಯಿತು. ತಿಳಿಯದೆ ಮಾಡಿದ ತಪ್ಪಲ್ಲ ಅದು.

ಆ ಕೊಲೆಯಾದ ಮೇಲೆ ಅವನು ನಡುಗಿಹೋಗುತ್ತಾನೆ. ಮುಂದೆ ಬ್ಯಾಂಕೋನನ್ನು ಬೇರೆಯವರಿಂದ ಕೊಲ್ಲಿಸುವಾಗ ಹೆಂಡತಿಗೂ ಹೇಳುವುದಿಲ್ಲ. ಆಮೇಲೆ ಮ್ಯಾಕ್‌ಡಫ್‌ನ ಹೆಂಡತಿ, ಮಕ್ಕಳು. ಅವರು ಇವನ ದಾರಿಗೆ ಅಡ್ಡ ಬಂದವರೇ ಅಲ್ಲ. ಕೊನೆಗೆ ಆ ಹೆಂಡತಿ ನಿದ್ದೆಯಲ್ಲೇ ಎದ್ದು ನಡೆಯುತ್ತಾ ಕೈಯಲ್ಲಿಲ್ಲದ ರಕ್ತವನ್ನು ಉಜ್ಜಿ ಉಜ್ಜಿ ತೊಳೆಯುತ್ತಾಳೆ. ಅವಳು ಸತ್ತ ಸುದ್ದಿ ಬಂದಾಗ ಅವನಿಗೆ ಅಳಲೂ ಆಗುವುದಿಲ್ಲ. ಮ್ಯಾಕ್‌ಡಫ್‌ನ ಕೈಯಲ್ಲೇ ಅವನ ಸಾವು.

ತರಗತಿಯಲ್ಲಿ ಈ ಕಥೆ ಹೇಳಿದಾಗಲೆಲ್ಲ ಮಕ್ಕಳು ಮಾಟಗಾತಿಯರ ಬಗ್ಗೆಯೇ ಕೇಳುತ್ತಿದ್ದರು. ನನ್ನನ್ನು ಈಗ ಕಾಡುವವನು ಬ್ಯಾಂಕೋ. ಕೇಡಿನ ಶಕ್ತಿಗಳು ಸಣ್ಣ ನಿಜ ಹೇಳಿ ದೊಡ್ಡದರಲ್ಲಿ ಮೋಸ ಮಾಡುತ್ತವೆ ಎಂದು ಗೆಳೆಯನನ್ನು ಮೊದಲೇ ಎಚ್ಚರಿಸಿದವನು ಅವನು. ಡಂಕನ್ ಸತ್ತ ಮೇಲೆ ಅವನಿಗೆ ಅನುಮಾನವೂ ಬರುತ್ತದೆ. ಆದರೂ ಬಾಯಿ ಬಿಡುವುದಿಲ್ಲ. ಗೆಳೆಯನಿಗೆ ಹೇಳಿದ್ದು ನಿಜವಾದರೆ ತನ್ನ ಮಕ್ಕಳಿಗೆ ಹೇಳಿದ್ದೂ ನಿಜವಾದೀತು ಎಂಬ ಆಸೆ ಅವನಿಗೂ ಇತ್ತು.

ನಾನೂ ಒಮ್ಮೆ ಹಾಗೆ ಸುಮ್ಮನಿದ್ದೆ. ಹತ್ತನೆಯ ತರಗತಿಯ ಜಾಣ ಹುಡುಗ, ಆ ವರ್ಷ ಅವನ ಅಂಕಗಳು ಇಳಿಯತೊಡಗಿದ್ದವು. ಪ್ರಗತಿಪತ್ರದಲ್ಲಿ ತಂದೆಯ ಸಹಿ ಮೊದಲಿನಂತಿರಲಿಲ್ಲ. ನೋಡಿದೆ, ಕೇಳಲಿಲ್ಲ. ಶಾಲೆಗೆ ಅವನಿಂದ ದೊಡ್ಡ ಫಲಿತಾಂಶ ಬರಬೇಕಿತ್ತು. ಗದರಿಸಿದರೆ ಮನಸ್ಸು ಕೆಟ್ಟೀತು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡು ಸಿಕ್ಕಿಬಿದ್ದ. ತೊಂಬತ್ತಕ್ಕಿಂತ ಕಡಿಮೆಯಾದರೆ ಮುಖ ತೋರಿಸಬೇಡ ಎಂದು ಮನೆಯಲ್ಲಿ ಹೇಳಿದ್ದರಂತೆ. “ಮೊದಲ ಸಲ ಅಬ್ಬಾನ ಸಹಿ ಹಾಕುವಾಗ ಕೈ ನಡುಗಿತ್ತು ಟೀಚರ್, ಆಮೇಲೆ ಏನೂ ಅನ್ನಿಸಲಿಲ್ಲ” ಅಂದ.

ಮರುದಿನ ತಂದೆ ಕೆಲಸ ಬಿಟ್ಟು ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. “ನಿಮಗೆ ಮೊದಲೇ ಗೊತ್ತಿತ್ತಾ ಟೀಚರ್?” ಎಂದಷ್ಟೇ ಕೇಳಿದರು.

ಇಲ್ಲ ಎಂದುಬಿಟ್ಟೆ. ಗೊತ್ತಿತ್ತು ಎಂದು ಇವತ್ತು ನಿಮ್ಮೆಲ್ಲರ ಮುಂದೆ ಹೇಳುತ್ತಿದ್ದೇನೆ.